ಸಂದೂಕಿನ ತಳದ ಕರಿ ಡಬ್ಬಿ

ಈದ್‌ಗೆ ಮುಂಚೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ಹಳೆಯ ಸಂದೂಕನ್ನು ನೀವು ಕೆಳಗಿಳಿಸಿರಬಹುದು. ಮೇಲೆ ಅಜ್ಜಿಯ ಕಾಲದ ರಜಾಯಿ, ಅದರ ಕೆಳಗೆ ಹಿತ್ತಾಳೆಯ ಪಾನ್‌ದಾನ, ಒಡೆದ ಅತ್ತರಿನ ಶೀಶೆ, ಬಣ್ಣ ಮಾಸಿದ ಜಮೀನಿನ ಕಾಗದಗಳು. ಎಲ್ಲಕ್ಕಿಂತ ತಳದಲ್ಲಿ ಚರ್ಮದ ಚೀಲದೊಳಗೆ ಒಂದು ಕರಿ ಡಬ್ಬಿ. ಅದರ ಮುಂದೆ ಒಂದೇ ಒಂದು ಕಣ್ಣು, ಬೆನ್ನಿನಲ್ಲಿ ಕೆಂಪು ಗಾಜಿನ ಪುಟ್ಟ ಕಿಟಕಿ. ಮಕ್ಕಳು "ಇದೇನು ಅಮ್ಮಿ?" ಎಂದು ಕೇಳುತ್ತಾರೆ. ನೀವು "ಹಳೇ ಕ್ಯಾಮೆರಾ, ಈಗ ಕೆಲಸಕ್ಕೆ ಬರೋದಿಲ್ಲ" ಎಂದು ಬದಿಗಿಡುತ್ತೀರಿ. ಮರುದಿನ ಗುಜರಿಯವನು ಬಂದಾಗ ಒಡೆದ ಬಕೆಟ್ಟಿನ ಜೊತೆ ಅದೂ ಹೋಗುತ್ತದೆ.

ಸಹೋದರಿಯರೇ, ಅದನ್ನು ಕೊಡುವ ಮೊದಲು ಸ್ವಲ್ಪ ತಡೆಯಿರಿ. ಆ ಡಬ್ಬಿಯ ಕಥೆಯನ್ನು ನಿಮಗೆ ಹೇಳಬೇಕಾಗಿದೆ. ಅದಕ್ಕಿಂತಲೂ ಮುಖ್ಯವಾಗಿ, ಆ ಡಬ್ಬಿಯ ಪಕ್ಕದಲ್ಲಿರುವ ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಏನಿದೆಯೆಂದು ನೀವು ನೋಡಬೇಕಾಗಿದೆ.

ಕಮರಾ ಮತ್ತು ಕ್ಯಾಮೆರಾ

ನಮ್ಮ ಬೀದರಿನ ಮನೆಗಳಲ್ಲಿ ಕೋಣೆಗೆ 'ಕಮರಾ' ಎನ್ನುತ್ತೇವೆ. "ಕಮರಾ ಸಾಫ್ ಮಾಡು" ಎಂದು ಮಗಳಿಗೆ ಹೇಳುತ್ತೇವೆ. ಈ ಕಮರಾ ಮತ್ತು ಆ ಕ್ಯಾಮೆರಾ ಒಂದೇ ಮೂಲದ ಪದಗಳೆಂದರೆ ನಿಮಗೆ ಆಶ್ಚರ್ಯವಾಗಬಹುದು. ಲ್ಯಾಟಿನ್ ಭಾಷೆಯಲ್ಲಿ 'ಕ್ಯಾಮೆರಾ' ಎಂದರೆ ಕೋಣೆ. ಪೋರ್ಚುಗೀಸರ ಬಾಯಿಂದ ಆ ಪದ ಹಿಂದೂಸ್ತಾನಕ್ಕೆ ಬಂದು 'ಕಮರಾ' ಆಯಿತು. ಯುರೋಪಿನಲ್ಲಿ 'ಕ್ಯಾಮೆರಾ ಅಬ್ಸ್‌ಕ್ಯೂರಾ', ಅಂದರೆ 'ಕತ್ತಲೆಯ ಕೋಣೆ' ಎಂಬ ಹೆಸರಿನ ಬಾಲ ಉದುರಿ ಕ್ಯಾಮೆರಾ ಉಳಿಯಿತು. ಹೌದು, ಸಂದೂಕಿನಲ್ಲಿರುವ ಆ ಡಬ್ಬಿ ಒಂದು ಪುಟ್ಟ ಕತ್ತಲೆಯ ಕೋಣೆ, ಅಷ್ಟೇ.

ಕತ್ತಲೆಯ ಕೋಣೆಯಲ್ಲಿ ಬೆಳಕು ಹೇಗೆ ವರ್ತಿಸುತ್ತದೆ ಎಂಬುದನ್ನು ಪ್ರಯೋಗಗಳ ಮೂಲಕ ವಿವರಿಸಿದವರಲ್ಲಿ ಇಬ್ನುಲ್ ಹೈಸಮ್ ಅವರ ಹೆಸರು ಬಹಳ ದೊಡ್ಡದು. ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಹುಟ್ಟಿದ ಇವರು ತಮ್ಮ ಬದುಕಿನ ಉತ್ತರಾರ್ಧವನ್ನು ಕೈರೋದಲ್ಲಿ ಕಳೆದರು. ಅವರ 'ಕಿತಾಬುಲ್ ಮನಾಝಿರ್' ಬೆಳಕು ಮತ್ತು ದೃಷ್ಟಿಯ ಕುರಿತಾದ ಗ್ರಂಥ. ಕಿಂಡಿಯೊಂದರ ಎದುರು ಹಲವು ದೀಪಗಳನ್ನು ಬೇರೆ ಬೇರೆ ಜಾಗದಲ್ಲಿಟ್ಟು, ಕಿಂಡಿಯ ಆಚೆಗಿನ ಕತ್ತಲೆಯ ಜಾಗದಲ್ಲಿ ಅವುಗಳ ಬೆಳಕು ಎಲ್ಲಿ ಬೀಳುತ್ತದೆಂದು ಅವರು ನೋಡಿದರು. ಒಂದು ದೀಪವನ್ನು ಮರೆಮಾಡಿದರೆ ಆ ದೀಪದ ಬೆಳಕಿನ ಗುರುತು ಮಾತ್ರ ಮಾಯವಾಗುತ್ತಿತ್ತು. ಅಂದರೆ ಬೆಳಕು ನೇರ ಗೆರೆಯಲ್ಲಿ ಚಲಿಸುತ್ತದೆ, ಕಿಂಡಿಯಲ್ಲಿ ಹಾದುಹೋಗುವಾಗ ಒಂದು ದೀಪದ ಬೆಳಕು ಇನ್ನೊಂದರೊಂದಿಗೆ ಬೆರೆತು ಕಲಸಿಹೋಗುವುದಿಲ್ಲ. ಈ ಗ್ರಂಥ ಲ್ಯಾಟಿನ್ ಭಾಷೆಗೆ ಅನುವಾದವಾಗಿ, 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಯುರೋಪಿನ ವಿದ್ವಾಂಸರು ಇದನ್ನು ಓದಿಯೇ ಮುಂದುವರಿದರು.

ಇದನ್ನು ನೋಡಲು ನೀವು ಕೈರೋಗೆ ಹೋಗಬೇಕಾಗಿಲ್ಲ. ನಮ್ಮ ಗಾಂಧಿ ಗಂಜದ ಗೋದಾಮುಗಳೇ ಸಾಕು. ತೊಗರಿ, ಉದ್ದು, ಹೆಸರು, ಸೋಯಾದ ಚೀಲಗಳನ್ನು ಸೂರಿನವರೆಗೆ ಒಟ್ಟಿರುವ ಕತ್ತಲೆಯ ಗೋದಾಮಿಗೆ ಮಧ್ಯಾಹ್ನ ಕಾಲಿಟ್ಟರೆ, ತಗಡಿನ ಛಾವಣಿಯ ಮೊಳೆಯ ತೂತಿನಿಂದ ಇಳಿದ ಬಿಸಿಲು ನೆಲದ ಮೇಲೆ ದುಂಡಗೆ ಬಿದ್ದಿರುತ್ತದೆ. ತೂತು ಸೊಟ್ಟಗಿದ್ದರೂ ಬಿಸಿಲು ದುಂಡಗೇ ಬೀಳುತ್ತದೆ. ಏಕೆಂದರೆ ನೆಲದ ಮೇಲಿರುವುದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ! 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾದಾಗ ಇಂತಹ ತೂತುಗಳಿಂದ ಬಿದ್ದ ಬಿಸಿಲೆಲ್ಲ ಕುಡುಗೋಲಿನ ಆಕಾರ ಪಡೆದಿತ್ತು. ಬಾಗಿಲಿನ ಸಂದಿಯಿಂದ ರಸ್ತೆಯ ಎತ್ತಿನ ಗಾಡಿ ಗೋಡೆಯ ಮೇಲೆ ತಲೆಕೆಳಗಾಗಿ ಸಾಗುವುದನ್ನು ಹಳೆಯ ಹಮಾಲರು ಕಂಡಿರುತ್ತಾರೆ. ಆ ತೂತಿನ ಜಾಗದಲ್ಲಿ ಒಂದು ಮಸೂರ, ಗೋಡೆಯ ಜಾಗದಲ್ಲಿ ಬೆಳಕನ್ನು ಹಿಡಿದಿಡುವ ಒಂದು ಪಟ್ಟಿ, ಬಾಗಿಲಿನ ಜಾಗದಲ್ಲಿ ಕ್ಷಣಮಾತ್ರ ತೆರೆದು ಮುಚ್ಚುವ ಒಂದು ರೆಪ್ಪೆ. ಇಷ್ಟಾದರೆ ಡಬ್ಬಾ ಕ್ಯಾಮೆರಾ ಸಿದ್ಧ.

ಒಂದು ಡಾಲರಿನ ಡಬ್ಬಿ

ಮೊದಮೊದಲು ಫೋಟೊ ತೆಗೆಯುವುದು ಶ್ರೀಮಂತರ ಮತ್ತು ಪಂಡಿತರ ಕೆಲಸವಾಗಿತ್ತು. ಎತ್ತಿನ ಗಾಡಿಯಲ್ಲಿ ಹೊರುವಷ್ಟು ಸಾಮಾನು, ಒಡೆಯುವ ಗಾಜಿನ ಫಲಕಗಳು, ಕೈ ಕಪ್ಪಾಗಿಸುವ ರಾಸಾಯನಿಕಗಳು. ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ 'ಕೊಡ್ಯಾಕ್' ಎಂಬ ಕ್ಯಾಮೆರಾವನ್ನು ಹೊರತಂದರು. ಅದರೊಳಗೆ ನೂರು ಚಿತ್ರಗಳಿಗಾಗುವ ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಬೇಕು, ಅವರು ಫೋಟೊಗಳನ್ನು ಮಾಡಿ ಹೊಸ ಸುರುಳಿ ತುಂಬಿ ವಾಪಸು ಕಳುಹಿಸುತ್ತಿದ್ದರು. ಆದರೆ ಅದರ ಬೆಲೆ 25 ಡಾಲರ್. ಬಡವರಿಗೆ ಎಟುಕದ ಮಾತು.

1900ರಲ್ಲಿ ಅದೇ ಕಂಪೆನಿಯಿಂದ 'ಬ್ರೌನಿ' ಬಂತು. ದಪ್ಪ ರಟ್ಟಿನ ಡಬ್ಬಿ, ಒಂದು ಸಾಧಾರಣ ಮಸೂರ, ತಿರುಗಿಸಲು ಒಂದು ಕೀಲಿ. ಬೆಲೆ ಒಂದೇ ಡಾಲರ್. ಮಕ್ಕಳಿಗಾಗಿ ಎಂದು ಮಾರಿದ ಈ ಡಬ್ಬಿಯನ್ನು ದೊಡ್ಡವರೂ ಮುಗಿಬಿದ್ದು ಕೊಂಡರು. ಮರುವರ್ಷ ಬಂದ ಎರಡನೇ ಬ್ರೌನಿಗಾಗಿ '120' ಎಂಬ ಅಳತೆಯ ರೋಲ್ ಫಿಲ್ಮನ್ನು ತಯಾರಿಸಿದರು. ಕಂಪೆನಿಗಳು ಬಂದವು, ಹೋದವು. ಆದರೆ 1901ರ ಆ 120 ಅಳತೆಯ ಫಿಲ್ಮು ಇಂದಿಗೂ ತಯಾರಾಗುತ್ತಿದೆ.

ಜರ್ಮನಿಯ ಆಗ್ಫಾ ಕಂಪೆನಿ 1932ರಲ್ಲಿ ಒಂದು ಜಾಣತನ ಮಾಡಿತು. ಅಲ್ಲಿಯ ಒಂದು ಮಾರ್ಕಿನ ನಾಣ್ಯಗಳ ಮೇಲೆ ಅವು ಯಾವ ಟಂಕಸಾಲೆಯಲ್ಲಿ ಅಚ್ಚಾದವು ಎಂಬುದರ ಗುರುತಿಗೆ ಒಂದೊಂದು ಅಕ್ಷರವಿರುತ್ತಿತ್ತು. ಎ, ಜಿ, ಎಫ್, ಎ ಎಂಬ ಅಕ್ಷರಗಳಿರುವ ನಾಲ್ಕು ನಾಣ್ಯಗಳನ್ನು ಜೋಡಿಸಿ ತಂದವರಿಗೆ ಒಂದು ಡಬ್ಬಾ ಕ್ಯಾಮೆರಾ! ಕಂಪೆನಿಯ ಹೆಸರೂ ಆಯಿತು, ಬೆಲೆಯೂ ಆಯಿತು. ಜನರು ಮನೆಯ ಚಿಲ್ಲರೆ ಡಬ್ಬಗಳನ್ನೆಲ್ಲ ಸುರಿದು ನಾಣ್ಯ ಹುಡುಕಿದರು. ಆ ಕ್ಯಾಮೆರಾಗಳು ಲಕ್ಷಗಟ್ಟಲೆ ಹೋದವು.

ನಮ್ಮ ದೇಶದ ಮನೆಗಳಲ್ಲಿ ಹೆಚ್ಚಾಗಿ ಸಿಗುವ ಕರಿ ಡಬ್ಬಿ 'ಆಗ್ಫಾ ಕ್ಲಿಕ್ ಥ್ರೀ'. ಇದು ಜರ್ಮನಿಯಿಂದ ಹಡಗಿನಲ್ಲಿ ಬಂದದ್ದಲ್ಲ. ಗುಜರಾತಿನ ಬರೋಡಾದಲ್ಲಿ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಎಂಬ ಕಾರ್ಖಾನೆ ಆಗ್ಫಾದ ಸಹಯೋಗದಲ್ಲಿ ಇದನ್ನು ತಯಾರಿಸುತ್ತಿತ್ತು. ನಿಮ್ಮ ಮನೆಯ ಡಬ್ಬಿಯ ಮೇಲೆ ಈ ಹೆಸರು ಇದೆಯೇ ನೋಡಿ. ಇನ್ನು ಫಿಲ್ಮು? ನೀಲಗಿರಿಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರಕಾರಿ ಕಂಪೆನಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿತು. 'ಇಂದು' ಎಂಬ ಹೆಸರಿನ ಅದರ ಕಪ್ಪು ಬಿಳುಪು ರೋಲುಗಳು ಹಳ್ಳಿಯ ಸ್ಟುಡಿಯೋಗಳವರೆಗೂ ತಲುಪಿದವು. ಇಂದು ಆ ಕಾರ್ಖಾನೆ ಇಲ್ಲ. ಬಣ್ಣದ ಫಿಲ್ಮಿನ ಪೈಪೋಟಿ, ಆಮೇಲೆ ಡಿಜಿಟಲ್ ಕ್ಯಾಮೆರಾ, ಕೊನೆಗೆ ಮೊಬೈಲ್ ಬಂದು ಅದರ ಬಾಗಿಲು ಮುಚ್ಚಿತು. ಆಗ್ಫಾದ ಫೋಟೊ ಕಂಪೆನಿ 2005ರಲ್ಲಿ ದಿವಾಳಿಯೆದ್ದಿತು. ಕೊಡ್ಯಾಕ್ ಕೂಡ 2012ರಲ್ಲಿ ದಿವಾಳಿ ಅರ್ಜಿ ಹಾಕಿ, ಚಿಕ್ಕದಾಗಿ ಮತ್ತೆ ಎದ್ದು ನಿಂತಿದೆ.

ಹನ್ನೆರಡೇ ಚಿತ್ರಗಳು

ಈ ಡಬ್ಬಿಯಲ್ಲಿ ತಿರುಗಿಸಿ ಮುರುಗಿಸಿ ಸರಿಪಡಿಸುವಂಥದ್ದು ಹೆಚ್ಚೇನೂ ಇಲ್ಲ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಎಂಟು ಹತ್ತು ಅಡಿ ದೂರದಲ್ಲಿ ನಿಲ್ಲಿಸಿದವರೂ, ಅವರ ಹಿಂದಿರುವ ಬೇವಿನ ಮರವೂ ಸಾಕಷ್ಟು ಸ್ಪಷ್ಟವಾಗಿ ಮೂಡುತ್ತಿತ್ತು. ಸೂರ್ಯ ಫೋಟೊ ತೆಗೆಯುವವರ ಬೆನ್ನಿಗಿರಬೇಕು. ರೆಪ್ಪೆ ತೆರೆದು ಮುಚ್ಚುವುದು ನಿಧಾನವಾದ್ದರಿಂದ ಉಸಿರು ಬಿಗಿ ಹಿಡಿದು, ಮೊಣಕೈಗಳನ್ನು ಪಕ್ಕೆಗೊತ್ತಿ ಗುಂಡಿ ಒತ್ತಬೇಕು. ಇನ್ನೂ ಹಳೆಯ ಚೌಕ ಡಬ್ಬಿಗಳಾದರೆ ಹೊಟ್ಟೆಯ ಹತ್ತಿರ ಹಿಡಿದು ಮೇಲಿನ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಬೇಕಿತ್ತು.

ಬೆನ್ನಿನ ಆ ಕೆಂಪು ಕಿಟಕಿ ಅಲಂಕಾರಕ್ಕಲ್ಲ. ಫಿಲ್ಮಿನ ಹಿಂದೆ ಕಪ್ಪು ಕಾಗದದ ಒಂದು ಪದರವಿದ್ದು, ಅದರ ಮೇಲೆ 1, 2, 3 ಎಂದು ಅಂಕಿಗಳು ಅಚ್ಚಾಗಿರುತ್ತವೆ. ಕೀಲಿ ತಿರುಗಿಸಿದಂತೆ ಅಂಕಿ ಕಿಟಕಿಯಲ್ಲಿ ಬಂದು ನಿಲ್ಲುತ್ತದೆ. ಹಿಂದಿನ ಕಾಲದ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲವಾದ್ದರಿಂದ ಕಿಟಕಿಗೆ ಕೆಂಪು ಬಣ್ಣ. ಹೆಚ್ಚಿನ ಡಬ್ಬಾ ಕ್ಯಾಮೆರಾಗಳಲ್ಲಿ ಕೀಲಿ ತಿರುಗಿಸಲು ಮರೆತರೆ ಒಂದೇ ಚಿತ್ರದ ಮೇಲೆ ಇನ್ನೊಂದು ಬೀಳುತ್ತಿತ್ತು. ಚಾಚಾನ ಹೆಗಲ ಮೇಲೆ ಚಾರ್‌ಮಿನಾರ್ ಎದ್ದಿರುವ ಫೋಟೊಗಳನ್ನು ನೀವೂ ನೋಡಿರಬಹುದು!

ಒಂದು ರೋಲಿನಲ್ಲಿ ಆರು ಸೆಂಟಿಮೀಟರ್ ಚೌಕದ ಹನ್ನೆರಡು ಚಿತ್ರಗಳು. ಆ ಹನ್ನೆರಡನ್ನು ಮುಗಿಸಲು ಒಂದು ವರ್ಷ ಹಿಡಿದ ಮನೆಗಳುಂಟು. ರಮಝಾನ್ ಈದಿಗೆ ಎರಡು, ಬಕ್ರೀದಿಗೆ ಒಂದು, ಮಗುವಿನ ಬಿಸ್ಮಿಲ್ಲಾ ಸಮಾರಂಭಕ್ಕೆ ಮೂರು, ಅಜ್ಜ ಹಜ್ಜಿಗೆ ಹೊರಟಾಗ ನಾಲ್ಕು. ಉಳಿದ ಎರಡನ್ನು ಬೇಗ ಮುಗಿಸಲೆಂದು ಮೇಕೆಮರಿಗೂ ಫೋಟೊ! ಆಮೇಲೆ ರೋಲನ್ನು ಪೇಟೆಯ ಸ್ಟುಡಿಯೋಗೆ 'ತೊಳೆಯಲು' ಕೊಟ್ಟು ದಿನಗಟ್ಟಲೆ ಕಾಯಬೇಕು.

ನಮ್ಮ ಬೀದರಿನ ಸಹೋದರಿಯರಿಗೆ ಈ ತೊಳೆಯುವ ವಿದ್ಯೆಯನ್ನು ವಿವರಿಸುವುದು ಸುಲಭ. ನಮ್ಮ ಬಿದ್ರಿ ಕುಸುರಿಯಲ್ಲಿ ಸತು ತಾಮ್ರದ ಪಾತ್ರೆಯ ಮೇಲೆ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಅದ್ದಿದಾಗ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಫಿಲ್ಮಿನ ಮೇಲೂ ಇರುವುದು ಬೆಳ್ಳಿಯ ಲವಣಗಳೇ. ಬೆಳಕು ತಾಗಿದ ಕಡೆ ಡೆವಲಪರ್ ದ್ರವದಲ್ಲಿ ಅದು ಶುದ್ಧ ಬೆಳ್ಳಿಯ ಸೂಕ್ಷ್ಮ ಕಣಗಳಾಗುತ್ತದೆ. ಆದರೆ ಇಲ್ಲಿ ಲೆಕ್ಕ ತಿರುವುಮುರುವು. ಆ ಕಣಗಳು ಕಪ್ಪಾಗಿ ಕಾಣುತ್ತವೆ! ಬೆಳಕು ತಾಗದ ಲವಣವನ್ನು 'ಹೈಪೊ' ತೊಳೆದು ಹಾಕುತ್ತದೆ. ಹೀಗಾಗಿ ನೆಗೆಟಿವ್‌ನಲ್ಲಿ ಬಿಳಿ ದುಪಟ್ಟಾ ಕಪ್ಪಾಗಿ, ಕಪ್ಪು ಕೂದಲು ಬಿಳಿಯಾಗಿ ಕಾಣುತ್ತದೆ. ನೀವು ಕಸವೆಂದು ಎಸೆಯುವ ಆ ಕಪ್ಪು ಪಟ್ಟಿಯಲ್ಲಿ ನಿಮ್ಮ ಅಜ್ಜಿಯ ಮುಖ ಬೆಳ್ಳಿಯಲ್ಲಿ ಬರೆದಿದೆ ಎಂಬುದನ್ನು ನೆನಪಿಡಿ.

ಪರ್ದಾ ಮತ್ತು ಫೋಟೊ

ನಮ್ಮ ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯದ ಆರನೇ ನಿಝಾಮ ಮಹಬೂಬ್ ಅಲಿ ಖಾನ್ ಅವರ ಛಾಯಾಗ್ರಾಹಕರಾಗಿದ್ದವರು ಲಾಲಾ ದೀನ್ ದಯಾಳ್. ನಿಝಾಮರು ಅವರಿಗೆ 'ಮುಸವ್ವಿರ್ ಜಂಗ್' ಎಂಬ ಬಿರುದು ಕೊಟ್ಟಿದ್ದರು. ಮನೆತನದ ಹೆಂಗಸರು ಪರಪುರುಷನ ಮುಂದೆ ಕುಳಿತು ಫೋಟೊ ತೆಗೆಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಆದ್ದರಿಂದ ದೀನ್ ದಯಾಳ್ ಅವರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಪ್ರತ್ಯೇಕ 'ಝನಾನಾ ಸ್ಟುಡಿಯೋ' ತೆರೆದರು. ಅದನ್ನು ನೋಡಿಕೊಂಡದ್ದು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆ. ನೂರ ಮೂವತ್ತು ವರ್ಷಗಳ ಹಿಂದೆಯೇ ಪರ್ದಾದ ಮರ್ಯಾದೆಯನ್ನೂ ಹೆಣ್ಣಿನ ಆಸೆಯನ್ನೂ ಒಟ್ಟಿಗೆ ಗೌರವಿಸಿದ ವ್ಯವಸ್ಥೆಯಿದು.

ಆದರೆ ಆ ಸ್ಟುಡಿಯೋ ದೊಡ್ಡ ಮನೆತನಗಳಿಗಿತ್ತು. ಗಂಜದ ಮುನೀಮನ ಹೆಂಡತಿಗೆ, ಭಾಲ್ಕಿಯ ಬಡ ರೈತನ ಮಗಳಿಗೆ, ಔರಾದಿನ ಹತ್ತಿ ಬಿಡಿಸುವ ಬೀಬಿಗೆ ಯಾವ ಝನಾನಾ ಸ್ಟುಡಿಯೋ ಇತ್ತು? ಅವರ ಪಾಲಿಗೆ ಆ ಕೆಲಸ ಮಾಡಿದ್ದು ಈ ಕರಿ ಡಬ್ಬಿ. ಒಬ್ಬ ಅಣ್ಣನೋ, ಮಾಮನೋ ಕಷ್ಟಪಟ್ಟು ಒಂದನ್ನು ಕೊಂಡರೆ ಇಡೀ ಓಣಿಗೆ ಸಾಕಾಗುತ್ತಿತ್ತು. ಅಂಗಳವೇ ಸ್ಟುಡಿಯೋ. ಕಟ್ಟಿದ ಚಾದರವೇ ಪರದೆ. ಬಿಸಿಲೇ ದೀಪ. ಕ್ಯಾಮೆರಾ ಹಿಡಿದವನು ಮಹ್ರಮ್. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳೇ ಅದನ್ನು ಬಳಸಲು ಕಲಿತರು. ಕಲಿಯಲು ಇದ್ದದ್ದಾದರೂ ಏನು? ಒಂದು ಗುಂಡಿ, ಒಂದು ಕೀಲಿ.

ಕ್ಯಾಮೆರಾ ಹಿಡಿದ ಹೆಣ್ಣುಮಕ್ಕಳಲ್ಲಿ ಕೆಲವರು ಬಹಳ ಮುಂದೆ ಹೋದರು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎನಿಸಿದ ಹೋಮಾಯಿ ವ್ಯಾರಾವಾಲಾ 1913ರಲ್ಲಿ ನವಸಾರಿಯಲ್ಲಿ ಹುಟ್ಟಿದವರು. ಆರಂಭದಲ್ಲಿ ಅವರು ತೆಗೆದ ಎಷ್ಟೋ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ನಮ್ಮ ಕ್ಲಿಕ್ ಥ್ರೀ ಹುಟ್ಟಿದ ಅದೇ ಬರೋಡಾದಲ್ಲಿ ಅವರು ಕೊನೆಯ ದಶಕಗಳನ್ನು ಕಳೆದು 2012ರಲ್ಲಿ ತೀರಿಕೊಂಡರು. ಢಾಕಾದ ಸಯೀದಾ ಖಾನಂ 1956ರಲ್ಲಿ 'ಬೇಗಂ' ಎಂಬ ಬಂಗಾಳಿ ಮಹಿಳಾ ಪತ್ರಿಕೆಗೆ ಛಾಯಾಗ್ರಾಹಕಿಯಾದರು. ನೀವು ಕೈಯಲ್ಲಿ ಹಿಡಿದಿರುವ ಪತ್ರಿಕೆಯಂತೆಯೇ ಮನೆಯ ಹೆಂಗಸರು ಕಾದು ಓದುತ್ತಿದ್ದ ಪತ್ರಿಕೆಯದು. ಬಾಂಗ್ಲಾದೇಶದ ಮೊದಲ ವೃತ್ತಿಪರ ಮಹಿಳಾ ಛಾಯಾಗ್ರಾಹಕಿ ಎಂದು ಹೆಸರಾದ ಅವರು 2020ರಲ್ಲಿ ನಿಧನರಾದರು.

ಫೋಟೊ ತೆಗೆಯುವುದರ ಬಗ್ಗೆ ನಮ್ಮ ಹಿರಿಯರಲ್ಲಿ ಹಿಂಜರಿಕೆಯಿತ್ತು. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿತ್ತು, ಈಗಲೂ ಇದೆ. ಕೈಯಿಂದ ಬರೆದ ಚಿತ್ರಕ್ಕೂ ಕನ್ನಡಿಯ ಬಿಂಬದಂತಹ ಈ ಚಿತ್ರಕ್ಕೂ ವ್ಯತ್ಯಾಸವಿದೆ ಎಂದವರಿದ್ದಾರೆ, ಎರಡೂ ಒಂದೇ ಎಂದವರೂ ಇದ್ದಾರೆ. ಆ ಚರ್ಚೆಯನ್ನು ತೀರ್ಮಾನಿಸಲು ನಾನಿಲ್ಲಿ ಕುಳಿತಿಲ್ಲ. ಹಜ್ಜಿನ ಪಾಸ್‌ಪೋರ್ಟಿಗೆ, 1993ರಲ್ಲಿ ಆರಂಭವಾದ ಮತದಾರರ ಗುರುತಿನ ಚೀಟಿಗೆ ಫೋಟೊ ಬೇಕೇ ಬೇಕಾಯಿತು. ನಮ್ಮ ಕಡೆಯ ಎಷ್ಟೋ ಅಜ್ಜಿಯರ ಮೊದಲ ಮತ್ತು ಕೊನೆಯ ಫೋಟೊ ಆ ಗುರುತಿನ ಚೀಟಿಯಲ್ಲಿರುವುದೇ. ಬೆದರಿದ ಕಣ್ಣು, ಕಲಸಿಹೋದ ಮುಖ. ಅದಕ್ಕಿಂತ ಮೊದಲು ಅವರು ಹೇಗಿದ್ದರು, ನಗುವಾಗ ಹೇಗೆ ಕಾಣುತ್ತಿದ್ದರು ಎಂದು ಹೇಳಲು ಕರಿ ಡಬ್ಬಿಯ ಹೊರತು ಬೇರೆ ಸಾಕ್ಷಿಯಿಲ್ಲ.

ಗಂಜದ ಒಂದು ಮನೆಯಲ್ಲಿ

ಗಾಂಧಿ ಗಂಜದ ಹಿಂಬದಿಯ ಓಣಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯಿದೆ. ಮಣ್ಣಿನ ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಸಾಮಾನು ಹೊರಗಿಟ್ಟಿದ್ದರು. ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ. ತಗಡಿನ ಡಬ್ಬದಲ್ಲಿ ಸುರುಳಿ ಸುತ್ತಿದ ಕಪ್ಪು ಪಟ್ಟಿಗಳನ್ನು ಕಂಡ ಹುಡುಗಿ, ತರಗತಿಯಲ್ಲಿ ನಾನು ಹೇಳಿದ ಬೆಳ್ಳಿಯ ಲವಣದ ಪಾಠ ನೆನಪಾಗಿ, ಡಬ್ಬವನ್ನು ಬದಿಗಿಟ್ಟು ಮರುದಿನ ನನ್ನ ಬಳಿ ತಂದಳು.

ಅವಳ ಅಜ್ಜ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಒಂದು ಕ್ಲಿಕ್ ಥ್ರೀ ಕೊಂಡಿದ್ದರಂತೆ. ಕಾಗದದ ಮೇಲಿನ ಫೋಟೊಗಳನ್ನೆಲ್ಲ ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು. ನೆಗೆಟಿವ್‌ಗಳನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ.

ಪಟ್ಟಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದೆವು. ಅಂಗಳ, ಬೇವಿನ ಮರ, ಬಿಸಿಲಿಗೆ ಹರವಿದ ತೊಗರಿ, ಅದರ ಪಕ್ಕದಲ್ಲಿ ಮೊರ ಹಿಡಿದು ನಿಂತ ಒಬ್ಬ ತರುಣಿ. ಮೊಬೈಲಿನಲ್ಲಿ ಆ ಚಿತ್ರವನ್ನು ತಿರುವಿ ಮುಖ ಬಿಡಿಸಿದಾಗ ಹುಡುಗಿಯ ದಾದಿ ಬಹಳ ಹೊತ್ತು ನೋಡಿದರು. "ಇವರು ನನ್ನ ಬಡೀ ನನದ್" ಎಂದರು. ಅಂದರೆ ಅಜ್ಜನ ಅಕ್ಕ. ಹೆಣ್ಣುಮಗುವನ್ನು ಹೆತ್ತ ಹನ್ನೊಂದನೇ ದಿನ ತೀರಿಕೊಂಡವರು. ಆ ಮಗುವನ್ನು ತಂದೆಯ ಕಡೆಯವರು ಔರಾದಿಗೆ ಕರೆದೊಯ್ದು ಬೆಳೆಸಿದ್ದರು. ಮಗು ಈಗ ಐವತ್ತು ದಾಟಿದ ಹೆಂಗಸು, ಮದುವೆಯಾಗಿ ಭಾಲ್ಕಿಯಲ್ಲಿದ್ದಾರೆ, ಮೊಮ್ಮಕ್ಕಳಿದ್ದಾರೆ. ತಾಯಿಯ ಮುಖವನ್ನು ಒಮ್ಮೆಯೂ ಕಂಡವರಲ್ಲ.

ಮೊಬೈಲಿಗೆ ಕಳುಹಿಸೋಣವೆಂದು ಹುಡುಗಿ ಹೇಳಿದಳು. ದಾದಿ ಒಪ್ಪಲಿಲ್ಲ. "ತಾಯಿಯ ಮುಖವನ್ನು ಯಾರಾದರೂ ಹಾಗೆ ಕಳಿಸ್ತಾರಾ? ಕೈಗೆ ಕೊಡಬೇಕು" ಎಂದರು. ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಹಸಿರು ಬಟ್ಟೆಯಲ್ಲಿ ಸುತ್ತಿ ತಾವೇ ಬಸ್ಸು ಹತ್ತಿ ಭಾಲ್ಕಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ಆ ಹೆಂಗಸು ಫೋಟೊ ಬಿಡಿಸಿ ನೋಡಿದರು. ಅಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ತಮ್ಮ ಮಗಳನ್ನು ಕರೆದು ಅವಳ ಮುಖದ ಪಕ್ಕ ಫೋಟೊ ಹಿಡಿದು, "ನನ್ನ ಅಮ್ಮಿ ನನ್ನ ಮಗಳಿಗಿಂತ ಚಿಕ್ಕವಳು" ಎಂದರು. ಮತ್ತೆ ಕೇಳಿದರು, "ಮಾಮಿ, ಇವರ ದನಿ ಹೇಗಿತ್ತು?" ದಾದಿ ಅಂದು ಸಂಜೆಯವರೆಗೂ ತೀರಿಹೋದವರ ಬಗ್ಗೆ ಮಾತಾಡಿದರು. ಐವತ್ತು ವರ್ಷಗಳಲ್ಲಿ ಯಾರೂ ಕೇಳದ, ಯಾರೂ ಹೇಳದ ಮಾತುಗಳು.

ಯೋಚಿಸಿ ನೋಡಿ. ತಕ್ಕಡಿಯಲ್ಲಿ ಆ ಡಬ್ಬಕ್ಕೆ ಬರುತ್ತಿದ್ದ ಬೆಲೆ ಎಷ್ಟು?

ನೀವೇನು ಮಾಡಬಹುದು?

ನಿಮ್ಮ ಮನೆಯಲ್ಲೂ ಇಂತಹ ಡಬ್ಬಿ, ಇಂತಹ ಪಟ್ಟಿಗಳು ಸಿಕ್ಕಿದರೆ ಗಾಬರಿಯಾಗಬೇಡಿ. ಮನೆಯಲ್ಲೇ ಮಾಡಬಹುದಾದ ಕೆಲವು ಕೆಲಸಗಳಿವೆ.

ಕ್ಯಾಮೆರಾದ ಬೆನ್ನನ್ನು ಕೂಡಲೇ ತೆರೆಯಬೇಡಿ. ಕೆಂಪು ಕಿಟಕಿಯಲ್ಲಿ ಅಂಕಿ ಅಥವಾ ಕಾಗದ ಕಂಡರೆ ಒಳಗೆ ರೋಲು ಉಳಿದಿದೆ ಎಂದರ್ಥ. ಬೆಳಕು ಬಿದ್ದರೆ ಅದು ಹಾಳು. ಕಾಗದ ಪೂರ್ತಿ ಸುತ್ತಿಕೊಳ್ಳುವವರೆಗೆ ಕೀಲಿಯನ್ನು ನಿಧಾನವಾಗಿ ತಿರುಗಿಸಿ, ಕತ್ತಲೆಯ ಕೋಣೆಯಲ್ಲಿ ತೆಗೆದು, ಸುರುಳಿ ಬಿಚ್ಚದಂತೆ ಅಂಟುಪಟ್ಟಿ ಹಚ್ಚಿಡಿ. ದೊಡ್ಡ ನಗರಗಳಲ್ಲಿ ಇಂದಿಗೂ 120 ಫಿಲ್ಮು ತೊಳೆಯುವವರಿದ್ದಾರೆ. ಎಷ್ಟೋ ವರ್ಷಗಳ ಹಿಂದೆ ತೆಗೆದ ಚಿತ್ರಗಳೂ ಕೆಲವೊಮ್ಮೆ ಮಸುಕಾಗಿಯಾದರೂ ಮೂಡುತ್ತವೆ.

ನೆಗೆಟಿವ್‌ಗಳನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಬೆರಳಿನ ಎಣ್ಣೆ ಅವುಗಳ ಶತ್ರು. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಒಂದೊಂದು ಪಟ್ಟಿಯನ್ನು ಒಂದೊಂದು ಸಾದಾ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲ, ಗೋಂದು, ರಬ್ಬರ್ ಬ್ಯಾಂಡ್, ನುಸಿಗುಳಿಗೆ ಯಾವುದೂ ಬೇಡ. ತಗಡಿನ ಛಾವಣಿಯ ಕೆಳಗಿನ ಅಟ್ಟ ಬೀದರಿನ ಮೇ ತಿಂಗಳಲ್ಲಿ ಒಲೆಯಂತಿರುತ್ತದೆ. ಒಳಕೋಣೆಯ ಅಲ್ಮಾರಿಯ ನಡುವಿನ ಖಾನೆ ಒಳ್ಳೆಯದು. ಯಾವುದಾದರೂ ಪಟ್ಟಿಯಿಂದ ಸಿರ್ಕಾದ ವಾಸನೆ ಬಂದರೆ ಅದು ಕೊಳೆಯಲು ಆರಂಭಿಸಿದೆ ಎಂದು ತಿಳಿಯಿರಿ. ಅದನ್ನು ಬೇರೆಯಾಗಿಟ್ಟು, ಮೊದಲು ಅದರ ನಕಲು ಮಾಡಿಸಿಕೊಳ್ಳಿ.

ನಕಲು ಮಾಡಲು ಎರಡು ಮೊಬೈಲ್‌ಗಳಿದ್ದರೆ ಸಾಕು. ಒಂದರ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಬೆಳಕನ್ನು ಹೆಚ್ಚಿಸಿ. ಅದರ ಮೇಲೆ ತೆಳುವಾದ ಬಟರ್ ಪೇಪರ್, ಅದರ ಮೇಲೆ ನೆಗೆಟಿವ್ ಇಡಿ. ಕೋಣೆಯ ದೀಪ ಆರಿಸಿ ಇನ್ನೊಂದು ಮೊಬೈಲಿನಿಂದ ನೇರವಾಗಿ ಮೇಲಿನಿಂದ ಫೋಟೊ ತೆಗೆಯಿರಿ. ಫೋಟೊ ತಿದ್ದುವ ಆ್ಯಪ್‌ಗಳಲ್ಲಿ ಬಣ್ಣ ತಿರುವುವ 'ಇನ್ವರ್ಟ್' ಎಂಬ ಸೌಲಭ್ಯವಿರುತ್ತದೆ. ಅದನ್ನು ಒತ್ತಿದೊಡನೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಮುಖ ಮೂಡುತ್ತದೆ. ಎಡ ಬಲ ಅದಲುಬದಲಾಗಿದೆ ಎನಿಸಿದರೆ ಪಟ್ಟಿಯನ್ನು ಮಗುಚಿ ಹಾಕಿ. ಮಕ್ಕಳಿಗೆ ರಜೆಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ.

ಕಾಗದದ ಫೋಟೊಗಳಿದ್ದರೆ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ಅಂದಾಜು ವರ್ಷ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಗೆರೆ ಮುಂದಕ್ಕೆ ಮೂಡುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಲು ಹೋಗಬೇಡಿ, ಮುಖವೇ ಕಿತ್ತು ಬಂದೀತು. ಗಾಜಿನ ಮೇಲಿನಿಂದಲೇ ಇನ್ನೊಂದು ಫೋಟೊ ತೆಗೆದುಕೊಳ್ಳಿ. ಮತ್ತು ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು "ಇವರು ಯಾರು?" ಎಂದು ಕೇಳಿ. ಫೋಟೊ ಇನ್ನೂ ಐವತ್ತು ವರ್ಷ ಉಳಿದೀತು. ಹೆಸರು ಹೇಳುವವರು ಉಳಿಯುವುದಿಲ್ಲ.

ಅಮಾನತು

ಇಂದು ನಮ್ಮ ಕೈಯಲ್ಲಿ ಸಾವಿರಾರು ಚಿತ್ರಗಳನ್ನು ತುಂಬಿಕೊಳ್ಳುವ ಮೊಬೈಲ್ ಇದೆ. ಒಂದು ಮದುವೆಗೆ ಹೋಗಿ ಬಂದರೆ ನೂರೈವತ್ತು ಫೋಟೊ. ಅವುಗಳಲ್ಲಿ ಎಷ್ಟನ್ನು ನಾವು ಎರಡನೇ ಸಲ ನೋಡುತ್ತೇವೆ? ಮೊಬೈಲ್ ನೀರಿಗೆ ಬಿದ್ದರೆ ಮಗುವಿನ ಮೊದಲ ಐದು ವರ್ಷಗಳು ಒಟ್ಟಿಗೇ ಹೋಗುತ್ತವೆ. ಡಬ್ಬಾ ಕ್ಯಾಮೆರಾದ ಹನ್ನೆರಡು ಚಿತ್ರಗಳಾದರೋ ಗೆದ್ದಲು, ಮಳೆ, ಬೇಸಿಗೆ ಎಲ್ಲವನ್ನೂ ದಾಟಿ ಬಂದಿವೆ.

ಇನ್ನೊಂದು ವ್ಯತ್ಯಾಸವೂ ಇದೆ. ಆ ಕಾಲದಲ್ಲಿ ಸ್ಟುಡಿಯೋದವನು ರೋಲು ತೊಳೆದು ನೆಗೆಟಿವ್ ಸಮೇತ ಮನೆಗೆ ಕೊಡುತ್ತಿದ್ದ. ಅಣ್ಣ ಅಂಗಳದಲ್ಲಿ ತೆಗೆದ ತಂಗಿಯ ಚಿತ್ರ ಸಂದೂಕಿನೊಳಗೆ ಭದ್ರವಾಗಿರುತ್ತಿತ್ತು. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂಬುದು ಮನೆಯ ಹೆಂಗಸಿನ ಕೈಯಲ್ಲಿತ್ತು. ಇಂದು ಮದುವೆ ಮನೆಯಲ್ಲಿ ಯಾರೋ ತೆಗೆದ ಫೋಟೊ ಅರ್ಧ ಗಂಟೆಯಲ್ಲಿ ಹತ್ತು ಗುಂಪುಗಳಿಗೆ ತಲುಪಿರುತ್ತದೆ. ಚಿತ್ರದಲ್ಲಿರುವವಳನ್ನು ಒಂದು ಮಾತು ಕೇಳಿರುವುದಿಲ್ಲ. ಒಮ್ಮೆ ಹೋದದ್ದನ್ನು ಹಿಂದೆ ತರಲೂ ಆಗುವುದಿಲ್ಲ.

ಅಮಾನತನ್ನು ಅದರ ಹಕ್ಕುದಾರರಿಗೆ ತಲುಪಿಸಬೇಕೆಂಬುದು ನಾವು ಮದ್ರಸದಲ್ಲಿ ಚಿಕ್ಕಂದಿನಲ್ಲೇ ಕಲಿತ ಪಾಠ. ಹಣ, ಒಡವೆ ಮಾತ್ರ ಅಮಾನತಲ್ಲ, ಒಬ್ಬರ ಮುಖವೂ ಅಮಾನತೇ. ಇನ್ನೊಬ್ಬ ಸಹೋದರಿಯ ಫೋಟೊ ನಿಮ್ಮ ಮೊಬೈಲಿನಲ್ಲಿದ್ದರೆ ಅವಳನ್ನು ಕೇಳದೆ ಮುಂದಕ್ಕೆ ಕಳುಹಿಸಬೇಡಿ. ನಿಮ್ಮ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಇದನ್ನು ಕಲಿಸಿ. ಹಾಗೆಯೇ ನಿಮ್ಮ ಸಂದೂಕಿನಲ್ಲಿ ಬೇರೆಯವರ ತಾಯಿಯ, ಅಕ್ಕನ, ತೀರಿಹೋದ ಮಗುವಿನ ಚಿತ್ರವಿದ್ದರೆ ಅದನ್ನು ಹುಡುಕಿ ಅವರಿಗೆ ತಲುಪಿಸಿ. ಅದಕ್ಕಾಗಿ ಕಾಯುತ್ತಿರುವ ಒಬ್ಬರು ಎಲ್ಲೋ ಇದ್ದಾರು, ತಾವು ಕಾಯುತ್ತಿದ್ದೇವೆಂಬುದು ಅವರಿಗೇ ತಿಳಿದಿರಲಿಕ್ಕಿಲ್ಲ.

ಈ ವರ್ಷ ಮನೆ ಸ್ವಚ್ಛ ಮಾಡುವಾಗ ಸಂದೂಕಿನ ತಳದವರೆಗೂ ಕೈ ಹಾಕಿ. ಗುಜರಿಯವನನ್ನು ಮುಂದಿನ ವಾರ ಬರಲು ಹೇಳಿ. ಅವನು ಬಂದೇ ಬರುತ್ತಾನೆ, ಕಳೆದುಹೋದ ಮುಖ ಮತ್ತೆ ಬರುವುದಿಲ್ಲ.